ಕೆಲಸಕ್ಕೆ ತಕ್ಕ ಉಪಕರಣ

ಬಡಗಿಯ ಕೆಲಸದ ಮನೆಯನ್ನು ಹೊಕ್ಕು ನೋಡಿದವರಿಗೆ ಅಲ್ಲಿ ಉಳಿ, ಬಾಚಿ, ಗರಗಸ, ಬೈರಿಗೆ, ತೋಪಡ ಮೊದಲಾದ ಹತ್ತೆಂಟು ಬಗೆಯ ಉಪಕರಣಗಳು ಕಾಣುತ್ತವೆ. ಇವುಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ ಅನುಭವಸ್ಥನಾದ ಬಡಗಿಯು ನಕ್ಕು, 'ಏನನ್ನು ಮಾಡಬೇಕಾಗಿದೆ?' ಎಂದು ತಿರುಗಿ ಕೇಳುತ್ತಾನೆ. ಹಲಗೆಯನ್ನು ಸೀಳಬೇಕಾದರೆ ಗರಗಸ ಬೇಕು; ರಂಧ್ರವನ್ನು ಕೊರೆಯಬೇಕಾದರೆ ಬೈರಿಗೆ ಬೇಕು; ಮೈಯನ್ನು ನುಣುಪುಗೊಳಿಸಬೇಕಾದರೆ ತೋಪಡ ಬೇಕು. ಕೆಲಸವನ್ನು ಅರಿಯದೆ ಉಪಕರಣವನ್ನು ಆರಿಸುವವನು ಮರವನ್ನೂ ಕೆಡಿಸುತ್ತಾನೆ, ಉಪಕರಣವನ್ನೂ ಕೆಡಿಸುತ್ತಾನೆ.

ಈ ಮಾತು ಮರಗೆಲಸಕ್ಕೆ ಎಷ್ಟು ಸತ್ಯವೋ ಗಣಕಯಂತ್ರದ ಕೆಲಸಕ್ಕೂ ಅಷ್ಟೇ ಸತ್ಯ. ಗಣಕವು ತಾನಾಗಿ ಏನನ್ನೂ ಮಾಡಲಾರದು. ಏನನ್ನು, ಯಾವ ಅನುಕ್ರಮದಲ್ಲಿ ಮಾಡಬೇಕೆಂಬುದನ್ನು ಮನುಷ್ಯನು ಅದಕ್ಕೆ ಬರೆದು ತಿಳಿಸಬೇಕು. ಹೀಗೆ ಬರೆದ ಆದೇಶಗಳ ಸಮೂಹಕ್ಕೆ ಪ್ರೋಗ್ರಾಮ್ ಅಥವಾ ಕ್ರಮವಿಧಿ ಎಂದು ಹೆಸರು. ಕ್ರಮವಿಧಿಗಳನ್ನು ಬರೆಯಲು ಇಂದು ಹಲವು ಭಾಷೆಗಳೂ ಅವುಗಳಿಗೆ ನೆರವಾಗುವ ಹಲವು ಸಾಧನಗಳೂ ಇವೆ. ಮೇಜಿನ ಮೇಲಿನ ಗಣಕದಲ್ಲಿ ಕಿಟಕಿ, ಗುಂಡಿ, ಪಟ್ಟಿ ಮುಂತಾದವುಗಳನ್ನು ತೋರಿಸಿ ಕೆಲಸ ಮಾಡುವ ಒಂದು ಚಿಕ್ಕ ಕ್ರಮವಿಧಿಯನ್ನು ರಚಿಸಬೇಕೆಂದು ಹೊರಟ ವಿದ್ಯಾರ್ಥಿಗೆ ಈ ಸಾಧನಗಳ ಸಂತೆಯಲ್ಲಿ ದಿಕ್ಕು ತಪ್ಪಿದಂತಾಗುವುದು ಸಹಜ. ಅಂತಹ ಆಯ್ಕೆಯನ್ನು ವಿವೇಕದಿಂದ ಮಾಡುವುದು ಹೇಗೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಗಣಕದ ಪರದೆಯ ಮೇಲೆ ಚಿತ್ರಗಳೂ ಕಿಟಕಿಗಳೂ ಮೊದಲಿನಿಂದ ಇದ್ದವಲ್ಲ. ಬಹುಕಾಲ ಬಳಕೆದಾರನು ಆದೇಶಗಳನ್ನು ಅಕ್ಷರಗಳಲ್ಲಿ ಒತ್ತಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೂ ಯಂತ್ರವು ಮುಂದುವರಿಯುತ್ತಿರಲಿಲ್ಲ. 1968ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿಯು, ಕೈಯಲ್ಲಿ ಹಿಡಿದು ಸರಿಸುವ ಒಂದು ಪುಟ್ಟ ಸಾಧನದಿಂದ ಪರದೆಯ ಮೇಲಿನ ಗುರುತನ್ನು ಬೇಕಾದೆಡೆಗೆ ಒಯ್ಯುವುದನ್ನು ಸಭೆಯ ಮುಂದೆ ಮಾಡಿ ತೋರಿಸಿದರು. ನಾವಿಂದು ಮೌಸ್ ಎನ್ನುವುದು ಆ ಸಾಧನವನ್ನೇ. ಐದು ವರ್ಷಗಳ ಅನಂತರ, 1973ರಲ್ಲಿ, ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಎಂಬ ಗಣಕವು ಸಿದ್ಧವಾಯಿತು. ಅದರ ಪರದೆಯ ಮೇಲೆ ಅಕ್ಷರಗಳನ್ನೂ ಚಿತ್ರಗಳನ್ನೂ ಒಟ್ಟಿಗೆ ಮೂಡಿಸಬಹುದಾಗಿತ್ತು. 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್, 1985ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಮಾರುಕಟ್ಟೆಗೆ ಬಂದವು. ಸಂಶೋಧನಾಲಯದ ವಸ್ತುವಾಗಿದ್ದ ಕಿಟಕಿಯು ಹೀಗೆ ಮನೆಮನೆಯ ಮೇಜನ್ನು ಸೇರಿತು.

ಬಳಸುವವನಿಗೆ ಇದರಿಂದ ಸುಖವಾಯಿತು. ಕ್ರಮವಿಧಿಯನ್ನು ಬರೆಯುವವನಿಗಾದರೋ ಕಷ್ಟ ಹೆಚ್ಚಿತು. ಹಳೆಯ ಕ್ರಮವಿಧಿಯು ಸಂದರ್ಶನ ನಡೆಸುವ ಅಧಿಕಾರಿಯಂತೆ ವರ್ತಿಸುತ್ತಿತ್ತು. ತಾನು ಒಂದೊಂದಾಗಿ ಪ್ರಶ್ನೆಗಳನ್ನು ಕೇಳುವುದು, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಗೆ ಹೋಗುವುದು ಅದರ ರೀತಿ. ಕಿಟಕಿಯುಳ್ಳ ಕ್ರಮವಿಧಿಯ ರೀತಿ ಬೇರೆ. ಅದು ಅಂಗಡಿಯಲ್ಲಿ ಕುಳಿತ ವರ್ತಕನಂತೆ ಕಾದಿರುತ್ತದೆ. ಗಿರಾಕಿಯು ಅಕ್ಕಿಯನ್ನು ಕೇಳಬಹುದು, ಬೆಲ್ಲವನ್ನು ಕೇಳಬಹುದು, ಏನನ್ನೂ ಕೊಳ್ಳದೆ ಹೊರಟುಹೋಗಲೂಬಹುದು. ಅಂತೆಯೇ ಬಳಕೆದಾರನು ಯಾವ ಗುಂಡಿಯನ್ನು ಯಾವಾಗ ಒತ್ತುವನೆಂಬುದು ಮೊದಲೇ ತಿಳಿಯದು. ಗುಂಡಿಯನ್ನು ಒತ್ತುವುದು, ಅಕ್ಷರವನ್ನು ಟೈಪು ಮಾಡುವುದು, ಕಿಟಕಿಯನ್ನು ಹಿಗ್ಗಿಸುವುದು ಇವೆಲ್ಲವೂ ಒಂದೊಂದು 'ಘಟನೆ'. ಘಟನೆಯು ಸಂಭವಿಸಿದೊಡನೆ ಅದಕ್ಕೆ ನಿಗದಿಯಾದ ಕೆಲಸವನ್ನು ಮಾಡಿ, ಮತ್ತೆ ಕಾಯುವ ಸ್ಥಿತಿಗೆ ಮರಳುವುದೇ ಇಂತಹ ಕ್ರಮವಿಧಿಯ ಸ್ವಭಾವ. ವರ್ತಕನು ಒಬ್ಬನೇ ಗಿರಾಕಿಯೊಡನೆ ಗಂಟೆಗಟ್ಟಲೆ ಮಾತಿಗೆ ಕುಳಿತರೆ ಉಳಿದವರು ಹೊರಗೆ ನಿಂತೇ ಇರಬೇಕಾಗುತ್ತದೆ. ಒಂದು ಘಟನೆಗೆ ಸಂಬಂಧಿಸಿದ ಕೆಲಸವು ಬಹಳ ಹೊತ್ತು ಹಿಡಿದಾಗ ಕಿಟಕಿಯು ಕಲ್ಲಿನಂತೆ ಸ್ತಬ್ಧವಾಗುವುದಕ್ಕೆ ಇದೇ ಕಾರಣ.

ಇನ್ನು ಒಂದು ಗುಂಡಿಯನ್ನೇ ತೆಗೆದುಕೊಳ್ಳಿ. ಅದರ ಅಂಚನ್ನು ಎಳೆಯಬೇಕು. ಒಳಗಿನ ಅಕ್ಷರಗಳನ್ನು ನಡುವಿಗೆ ಬರುವಂತೆ ಕೂರಿಸಬೇಕು. ಒತ್ತಿದಾಗ ತಗ್ಗಿದಂತೆ, ಬಿಟ್ಟಾಗ ಮೇಲೆದ್ದಂತೆ ತೋರಿಸಬೇಕು. ಮೌಸ್ ಇಲ್ಲದವರು ಕೀಲಿಮಣೆಯಿಂದ ಒತ್ತುವಂತೆಯೂ ಏರ್ಪಾಡು ಮಾಡಬೇಕು. ಇಷ್ಟನ್ನೂ ಪ್ರತಿಯೊಬ್ಬನೂ ಮೊದಲಿನಿಂದ ಬರೆಯುತ್ತ ಕುಳಿತರೆ ಆಯುಷ್ಯವೆಲ್ಲ ಗುಂಡಿಯಲ್ಲಿಯೇ ಕಳೆದೀತು. ಆರಂಭದ ದಿನಗಳಲ್ಲಿ ಸಿ ಭಾಷೆಯಲ್ಲಿ ವಿಂಡೋಸ್‌ಗಾಗಿ ಬರೆಯುವವರು ಒಂದು ಖಾಲಿ ಕಿಟಕಿಯನ್ನು ತೆರೆಯುವುದಕ್ಕೂ ಹತ್ತಾರು ಸಾಲುಗಳನ್ನು ಬರೆಯಬೇಕಾಗಿತ್ತು. ಆದಕಾರಣ ಗುಂಡಿ, ಪಟ್ಟಿ, ಬರೆಯುವ ಚೌಕ ಮೊದಲಾದವುಗಳನ್ನು ಒಮ್ಮೆ ಚೆನ್ನಾಗಿ ರಚಿಸಿಟ್ಟು, ಬೇಕಾದವರು ಬೇಕಾದಂತೆ ಬಳಸಿಕೊಳ್ಳುವ ಸಂಗ್ರಹಗಳು ಹುಟ್ಟಿಕೊಂಡವು. ಇವುಗಳನ್ನು ಟೂಲ್‌ಕಿಟ್ ಎನ್ನುತ್ತಾರೆ. ಬಡಗಿಯು ಸಿದ್ಧವಾದ ತಿರುಗಣಿ, ಚಿಲಕ, ಹಿಡಿಕೆಗಳನ್ನು ಪೇಟೆಯಿಂದ ತಂದು ತನ್ನ ಬಾಗಿಲಿಗೆ ಜೋಡಿಸಿಕೊಳ್ಳುವಂತೆಯೇ ಇದು.

ಈ ಸಂಗ್ರಹಗಳ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ. 1987ರಲ್ಲಿ ಆಪಲ್ ಕಂಪನಿಯ ಬಿಲ್ ಅಟ್ಕಿನ್‌ಸನ್ ಎಂಬುವರು ಹೈಪರ್‌ಕಾರ್ಡ್ ಎಂಬ ಸಾಧನವನ್ನು ರಚಿಸಿದರು. ಚೀಟಿಗಳ ಕಟ್ಟಿನಂತೆ ಮಾಹಿತಿಯನ್ನು ಜೋಡಿಸಿ, ಚೀಟಿಯ ಮೇಲೆ ಗುಂಡಿಗಳನ್ನಿಟ್ಟು, ಇಂಗ್ಲಿಷಿಗೆ ಹತ್ತಿರವಾದ ಸುಲಭ ಭಾಷೆಯಲ್ಲಿ ಆದೇಶಗಳನ್ನು ಬರೆಯುವ ಅನುಕೂಲ ಅದರಲ್ಲಿತ್ತು. ಗಣಕಶಾಸ್ತ್ರವನ್ನು ಓದದ ಉಪಾಧ್ಯಾಯರೂ ಹವ್ಯಾಸಿಗಳೂ ಅದರಿಂದ ಪಾಠಗಳನ್ನೂ ಆಟಗಳನ್ನೂ ರಚಿಸಿದರು. 1993ರಲ್ಲಿ ಹೊರಬಂದು ಹೆಸರು ಗಳಿಸಿದ 'ಮಿಸ್ಟ್' ಎಂಬ ಆಟವನ್ನು ಮೊದಲು ರಚಿಸಿದ್ದು ಇದರಲ್ಲಿಯೇ. 1991ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ವಿಷುಯಲ್ ಬೇಸಿಕ್ ಎಂಬುದನ್ನು ಹೊರತಂದಿತು. ಆಲನ್ ಕೂಪರ್ ಎಂಬುವರು ರೂಪಿಸಿದ ಚಿತ್ರರೂಪದ ಜೋಡಣೆಯನ್ನು, 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಬೇಸಿಕ್ ಭಾಷೆಯೊಡನೆ ಅದು ಕೂಡಿಸಿತು. ಗುಂಡಿಯನ್ನು ಮೌಸ್‌ನಿಂದ ಎಳೆದು ತಂದು ಕಿಟಕಿಯ ಮೇಲಿಡುವುದು, ಅದನ್ನು ಒತ್ತಿದಾಗ ಆಗಬೇಕಾದುದನ್ನು ನಾಲ್ಕು ಸಾಲಿನಲ್ಲಿ ಬರೆಯುವುದು ಇಷ್ಟೇ ಕೆಲಸ. ಜಗತ್ತಿನಾದ್ಯಂತ ಅಸಂಖ್ಯಾತ ಅಂಗಡಿಗಳ, ಕಚೇರಿಗಳ ಲೆಕ್ಕಪತ್ರಗಳು ಇದರಲ್ಲಿ ರೂಪುಗೊಂಡವು.

ಆದರೆ ಇವೆರಡರ ಕಥೆಯೂ ನಮಗೆ ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಹೈಪರ್‌ಕಾರ್ಡ್‌ನ ಮಾರಾಟವು 2004ರಲ್ಲಿ ನಿಂತುಹೋಯಿತು. ವಿಷುಯಲ್ ಬೇಸಿಕ್‌ನ ಆರನೆಯ ಆವೃತ್ತಿಯು 1998ರಲ್ಲಿ ಬಂದಿತು. ಅದರ ಅನಂತರ 2002ರಲ್ಲಿ ಬಂದ ಹೊಸ ರೂಪವು ಹಳೆಯದಕ್ಕೆ ಹೊಂದಿಕೊಳ್ಳಲಿಲ್ಲ. 2008ರಲ್ಲಿ ಆರನೆಯ ಆವೃತ್ತಿಯ ರಚನಾ ಸಾಧನಕ್ಕೆ ತಯಾರಕರ ಬೆಂಬಲ ಕೊನೆಗೊಂಡಿತು. ಅದರಲ್ಲಿ ಬರೆದ ಹಳೆಯ ಕ್ರಮವಿಧಿಗಳು ಹೊಸ ವಿಂಡೋಸ್‌ನಲ್ಲಿ ಇನ್ನೂ ಓಡುತ್ತವೆಯಾದರೂ ಅವುಗಳನ್ನು ತಿದ್ದಿ ಬೆಳೆಸಬೇಕಾದ ಉಪಕರಣವು ಅನಾಥವಾಯಿತು. ಬೇಲಿಯನ್ನು ಇನ್ನೊಬ್ಬರು ಹಾಕಿದ ಹೊಲದಲ್ಲಿ ಬೆಳೆ ಬೆಳೆದವರಿಗೆ, ಬೇಲಿಯ ಒಡೆಯನು ಬಾಗಿಲು ಮುಚ್ಚಿದಾಗ ಏನಾಗುತ್ತದೆಯೋ ಅದೇ ಇಲ್ಲಿಯೂ ಆಯಿತು.

ಮತ್ತೊಂದೆಡೆ, ಉಪಕರಣವು ಯಾರೊಬ್ಬರ ಸ್ವತ್ತೂ ಆಗದೆ ಎಲ್ಲರಿಗೂ ತೆರೆದಿರಬೇಕೆಂದು ಶ್ರಮಿಸಿದವರೂ ಇದ್ದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಲ್ಲಿ ಜಾನ್ ಔಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರು ಟಿಕೆ ಎಂಬ ಸರಳವಾದ ಟೂಲ್‌ಕಿಟ್ ಅನ್ನು ರಚಿಸಿ ಎಲ್ಲರಿಗೂ ಹಂಚಿದರು. ಅದೇ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬುವರು 1990ರ ದಶಕದ ನಡುವಿನಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ಕ್ರಮವಿಧಿಯನ್ನು ಬರೆಯುತ್ತಿದ್ದರು. ಮೊದಲು ಅವರು ಬಳಸಿದ ಮೋಟಿಫ್ ಎಂಬ ಟೂಲ್‌ಕಿಟ್‌ಗೆ ಹಣ ತೆರಬೇಕಾಗಿತ್ತು. ಅದು ಒಗ್ಗದೆ ಅವರು ತಮಗೆ ಬೇಕಾದ ಗುಂಡಿ, ಪಟ್ಟಿಗಳನ್ನು ತಾವೇ ರಚಿಸಿಕೊಂಡರು. ಒಂದು ಕ್ರಮವಿಧಿಗಾಗಿ ಮಾಡಿಕೊಂಡ ಆ ಸಂಗ್ರಹವೇ ಜಿಟಿಕೆ ಎಂಬ ಹೆಸರಿನಿಂದ ಇಂದು ಅನೇಕ ಕ್ರಮವಿಧಿಗಳಿಗೆ ಆಧಾರವಾಗಿದೆ.

ನಾರ್ವೆ ದೇಶದ ಇಬ್ಬರು ತಂತ್ರಜ್ಞರು 1995ರಲ್ಲಿ ಹೊರತಂದ ಕ್ಯೂಟಿ ಎಂಬ ಟೂಲ್‌ಕಿಟ್‌ನ ಕಥೆಯೂ ಇಂತಹುದೇ. ಅದು ಗುಣದಲ್ಲಿ ಉತ್ತಮವಾಗಿತ್ತು. ಅದನ್ನು ಆಧರಿಸಿ 1996ರಲ್ಲಿ ಕೆಡಿಇ ಎಂಬ ಯೋಜನೆಯು ಲಿನಕ್ಸ್ ಮುಂತಾದವುಗಳಿಗಾಗಿ ಸಂಪೂರ್ಣ ಮೇಜಿನ ವಾತಾವರಣವನ್ನು ಕಟ್ಟತೊಡಗಿತು. ಆದರೆ ಕ್ಯೂಟಿಯ ಪರವಾನಗಿಯಲ್ಲಿ ಆಗ ಸಾಕಷ್ಟು ಸ್ವಾತಂತ್ರ್ಯವಿರಲಿಲ್ಲ. ಅಡಿಪಾಯವೇ ಸ್ವತಂತ್ರವಲ್ಲದ ಮೇಲೆ ಮನೆ ಹೇಗೆ ಸ್ವತಂತ್ರವಾದೀತು ಎಂದು ಆಕ್ಷೇಪಿಸಿದ ಕೆಲವರು 1997ರಲ್ಲಿ ಜಿಟಿಕೆಯನ್ನು ಆಧರಿಸಿ ಗ್ನೋಮ್ ಎಂಬ ಬೇರೊಂದು ಯೋಜನೆಯನ್ನೇ ಆರಂಭಿಸಿದರು. 2000ದ ಹೊತ್ತಿಗೆ ಕ್ಯೂಟಿಯೂ ಮುಕ್ತ ಪರವಾನಗಿಯಡಿ ದೊರೆಯುವಂತಾಯಿತು. ಪರವಾನಗಿಯ ಒಂದು ಷರತ್ತಿಗಾಗಿ ನೂರಾರು ಜನ ವರ್ಷಗಟ್ಟಲೆ ದುಡಿದರೆಂದರೆ ಅದು ಸಣ್ಣ ವಿಷಯವಲ್ಲವೆಂಬುದನ್ನು ನಾವು ಮನಗಾಣಬೇಕು.

ಇವಲ್ಲದೆ ಇನ್ನೂ ಕೆಲವನ್ನು ಹೆಸರಿಸಬಹುದು. 1995ರಲ್ಲಿ ಪಾಸ್ಕಲ್ ಭಾಷೆಯನ್ನು ಆಧರಿಸಿ ಡೆಲ್ಫಿ ಎಂಬ ಸಾಧನ ಬಂದಿತು. ಅದರ ಜಾಡಿನಲ್ಲಿ 1999ರಿಂದ ಬೆಳೆದುಬಂದ ಲಜಾರಸ್ ಎಂಬುದು ಉಚಿತವೂ ಮುಕ್ತವೂ ಆಗಿದೆ. ಜಾವಾ ಭಾಷೆಯು ಒಮ್ಮೆ ಬರೆದುದನ್ನು ಎಲ್ಲ ಬಗೆಯ ಗಣಕಗಳಲ್ಲಿ ಓಡಿಸುವ ಭರವಸೆಯನ್ನು ಹೊತ್ತು ಬಂದಿತು. 2013ರಲ್ಲಿ ಹುಟ್ಟಿದ ಎಲೆಕ್ಟ್ರಾನ್ ಎಂಬುದು ಅಂತರಜಾಲದ ಪುಟಗಳನ್ನು ರಚಿಸುವ ಭಾಷೆಗಳಿಂದಲೇ ಮೇಜಿನ ಗಣಕಕ್ಕೂ ಕ್ರಮವಿಧಿಗಳನ್ನು ಬರೆಯಲು ಅನುವು ಮಾಡಿಕೊಟ್ಟಿತು. ಹೀಗೆ ಆಯ್ಕೆಗೆ ಕೊರತೆಯೇನೂ ಇಲ್ಲ. ಕೊರತೆಯಿರುವುದು ಆಯ್ಕೆ ಮಾಡುವ ವಿವೇಚನೆಗೆ.

ವಿವೇಚನೆಯು ಬರಿಯ ಮಾತಿನಿಂದ ಬಾರದು. ಕೆಲಸವೊಂದನ್ನು ಎದುರಿಗಿಟ್ಟುಕೊಂಡಾಗ ಬರುತ್ತದೆ. ಶಾಲೆಯ ಪುಸ್ತಕಭಂಡಾರಕ್ಕೆ ಒಂದು ಚಿಕ್ಕ ಕ್ರಮವಿಧಿ ಬೇಕಾಗಿದೆಯೆಂದು ಭಾವಿಸೋಣ. ಪುಸ್ತಕದ ಸಂಖ್ಯೆ, ಹೆಸರು, ಕರ್ತೃ ಇವುಗಳ ಪಟ್ಟಿಯಿರಬೇಕು. ಯಾವ ವಿದ್ಯಾರ್ಥಿಯು ಯಾವ ಪುಸ್ತಕವನ್ನು ಎಂದು ಒಯ್ದನು, ಎಂದು ಹಿಂತಿರುಗಿಸಬೇಕು ಎಂಬುದು ದಾಖಲಾಗಬೇಕು. ಒಂದು ಕಿಟಕಿ, ಮೂರು ನಾಲ್ಕು ಬರೆಯುವ ಚೌಕಗಳು, ಒಂದು ಪಟ್ಟಿ, 'ಎರವಲು', 'ಮರಳಿಕೆ', 'ಹುಡುಕು' ಎಂಬ ಮೂರು ಗುಂಡಿಗಳು ಇಷ್ಟಿದ್ದರೆ ಸಾಕು. ಈ ಕೆಲಸಕ್ಕೆ ಯಾವ ಉಪಕರಣ ತಕ್ಕುದು? ಉತ್ತರ ಹೇಳುವುದಕ್ಕೆ ಮೊದಲು ನಾವು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು, ಅದನ್ನು ಬಳಸುವವರು ಯಾರು, ಅವರ ಗಣಕ ಎಂತಹುದು ಎಂಬ ಪ್ರಶ್ನೆ. ಬರೆಯುವವನು ತನ್ನ ಹೊಸ ಗಣಕದಲ್ಲಿ ಬರೆಯಬಹುದು. ಆದರೆ ಕ್ರಮವಿಧಿಯು ಬಾಳಬೇಕಾದುದು ಪುಸ್ತಕಭಂಡಾರದ ಮೂಲೆಯಲ್ಲಿರುವ ಹಳೆಯ ಗಣಕದಲ್ಲಿ. ಅಲ್ಲಿರುವುದು ವಿಂಡೋಸೋ ಲಿನಕ್ಸೋ? ಸ್ಮರಣಶಕ್ತಿ ಎಷ್ಟು? ಎಲೆಕ್ಟ್ರಾನ್‌ನಲ್ಲಿ ಬರೆದ ಪ್ರತಿಯೊಂದು ಕ್ರಮವಿಧಿಯೂ ಅಂತರಜಾಲವನ್ನು ತೋರಿಸುವ ಒಂದು ಇಡೀ ಬ್ರೌಸರನ್ನೇ ತನ್ನೊಡನೆ ಹೊತ್ತು ತರುತ್ತದೆ. ಮೂರು ಗುಂಡಿಗಳ ಕೆಲಸಕ್ಕೆ ನೂರು ಮೆಗಾಬೈಟಿಗೂ ಮಿಕ್ಕ ಹೊರೆ! ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಗಾದೆಯು ನೆನಪಾಗದೆ ಇರದು. ದೊಡ್ಡ ಕೆಲಸಗಳಲ್ಲಿ ಆ ಹೊರೆಯು ಸಾರ್ಥಕವಾಗಬಹುದು. ಇಲ್ಲಿ ಅದು ಬೇಕಿಲ್ಲ.

ಎರಡನೆಯದು ಲಿಪಿಯ ಪ್ರಶ್ನೆ. ಇದು ಕನ್ನಡಿಗರಾದ ನಾವು ವಿಶೇಷವಾಗಿ ಕೇಳಲೇಬೇಕಾದುದು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ನಿಂತರೆ ಪದವಾಗುತ್ತದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಣಿತದ ಚಿಹ್ನೆಗಳು ಸುತ್ತಿಕೊಳ್ಳುತ್ತವೆ. 'ಅರ್ಥ' ಎಂಬ ಪದವನ್ನು ನೋಡಿ. ನಾವು ಉಚ್ಚರಿಸುವಾಗ ರಕಾರವು ಥಕಾರಕ್ಕಿಂತ ಮೊದಲು ಬರುತ್ತದೆ. ಗಣಕವು ಅದನ್ನು ತನ್ನೊಳಗೆ ಇರಿಸಿಕೊಳ್ಳುವುದೂ ಹಾಗೆಯೇ. ಆದರೆ ಬರೆಯುವಾಗ ಅರ್ಕಾವತ್ತು ಥಕಾರದ ಬಲಕ್ಕೆ ಬರಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ಗಣಕವು ಆರು ಸಂಕೇತಗಳಾಗಿ ಇರಿಸಿಕೊಂಡಿರುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡಕ್ಕೆ ಆರಂಭದಲ್ಲಿಯೇ ಸ್ಥಾನ ದೊರೆಯಿತು. ಆದರೆ ಸಂಕೇತವು ಇದ್ದ ಮಾತ್ರಕ್ಕೆ ಅಕ್ಷರವು ಪರದೆಯ ಮೇಲೆ ಸರಿಯಾಗಿ ಮೂಡುವುದಿಲ್ಲ. ಸಂಕೇತಗಳನ್ನು ಕೂಡಿಸಿ ಸರಿಯಾದ ಆಕಾರವನ್ನು ಕೊಡುವ ಕೆಲಸವನ್ನು ಟೂಲ್‌ಕಿಟ್ ಬಲ್ಲುದಾಗಿರಬೇಕು. ಕ್ಯೂಟಿ ಮತ್ತು ಜಿಟಿಕೆಗಳು ಇದನ್ನು ಬಲ್ಲವು. ಸರಳತೆಗೆ ಹೆಸರಾದ ಟಿಕೆಯು ತನ್ನ 8.6ನೆಯ ಆವೃತ್ತಿಯಲ್ಲಿ, ಲಿನಕ್ಸ್ ಗಣಕಗಳ ಮೇಲೆ, ಈ ಜೋಡಣೆಯನ್ನು ಮಾಡಲಾರದು. ಒತ್ತಕ್ಷರಗಳು ಬಿಡಿಬಿಡಿಯಾಗಿ, ಓದಲು ಕಷ್ಟವಾಗುವಂತೆ ನಿಲ್ಲುತ್ತವೆ. ಪುಸ್ತಕಗಳ ಹೆಸರೂ ವಿದ್ಯಾರ್ಥಿಗಳ ಹೆಸರೂ ಕನ್ನಡದಲ್ಲಿರುವ ಭಂಡಾರಕ್ಕೆ ಇದು ಸಣ್ಣ ಕೊರತೆಯಲ್ಲ. ತನ್ನ ಹೆಸರನ್ನು ಒಡೆದ ಅಕ್ಷರಗಳಲ್ಲಿ ಕಂಡ ಮಗುವು ಗಣಕವು ತನ್ನ ಭಾಷೆಯದಲ್ಲವೆಂದು ತಿಳಿದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು? ಆದುದರಿಂದ ಯಾವ ಉಪಕರಣವನ್ನೇ ಆಗಲಿ ಒಪ್ಪುವ ಮೊದಲು, ಬಳಸಬೇಕಾದ ಗಣಕದ ಮೇಲೆಯೇ 'ಸ್ತ್ರೀ', 'ರಾಷ್ಟ್ರ', 'ಅರ್ಥ', 'ಲಕ್ಷ್ಮಿ' ಎಂಬ ನಾಲ್ಕು ಪದಗಳನ್ನು ಅದರ ಕಿಟಕಿಯಲ್ಲಿ ಮೂಡಿಸಿ ನೋಡುವುದು ಒಳ್ಳೆಯದು. ಐದು ನಿಮಿಷಗಳ ಈ ಪರೀಕ್ಷೆಯು ಐದು ತಿಂಗಳ ಶ್ರಮವನ್ನು ಉಳಿಸೀತು.

ಮೂರನೆಯದು, ಸಿದ್ಧವಾದುದನ್ನು ಬಳಕೆದಾರನಿಗೆ ಮುಟ್ಟಿಸುವುದು ಹೇಗೆಂಬ ಪ್ರಶ್ನೆ. ಲಜಾರಸ್‌ನಲ್ಲಿ ಬರೆದ ಕ್ರಮವಿಧಿಯು ಯಂತ್ರಭಾಷೆಗೆ ಅನುವಾದಗೊಂಡು ಒಂದೇ ಕಡತವಾಗಿ ಹೊರಬರುತ್ತದೆ. ಅದನ್ನು ನಕಲು ಮಾಡಿಕೊಟ್ಟರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಪೈಥಾನ್‌ನಲ್ಲಿ ಬರೆದ ಕ್ರಮವಿಧಿಗಾದರೋ ಆ ಭಾಷೆಯನ್ನು ಅರ್ಥೈಸುವ ಸಾಧನವು ಬಳಕೆದಾರನ ಗಣಕದಲ್ಲಿಯೂ ಇರಬೇಕು. ಇಲ್ಲವೇ ಎರಡನ್ನೂ ಒಟ್ಟಾಗಿ ಕಟ್ಟಿ ಕೊಡಬೇಕು. ಅಡುಗೆಯು ಎಷ್ಟೇ ರುಚಿಯಾಗಿದ್ದರೂ ಎಲೆಗೆ ಬಡಿಸುವ ದಾರಿಯಿಲ್ಲದಿದ್ದರೆ ಹಸಿವು ಹಿಂಗುವುದಿಲ್ಲ.

ನಾಲ್ಕನೆಯದು ಹಕ್ಕಿನ ಪ್ರಶ್ನೆ. ಉಪಕರಣವು ಉಚಿತವಾಗಿ ದೊರೆಯಿತೆಂದರೆ ಅದರಿಂದ ಮಾಡಿದ ವಸ್ತುವನ್ನು ಮನಬಂದಂತೆ ಹಂಚಬಹುದೆಂದು ಅರ್ಥವಲ್ಲ. ಪೈಥಾನ್ ಭಾಷೆಯಿಂದ ಕ್ಯೂಟಿಯನ್ನು ಬಳಸಲು ಪೈಕ್ಯೂಟಿ, ಪೈಸೈಡ್ ಎಂಬ ಎರಡು ಸೇತುವೆಗಳಿವೆ. ಎರಡೂ ಒಂದೇ ದಡಕ್ಕೆ ಮುಟ್ಟಿಸುತ್ತವೆ. ಆದರೆ ಪೈಕ್ಯೂಟಿಯನ್ನು ಹಣ ತೆರದೆ ಬಳಸಿದವನು ತನ್ನ ಕ್ರಮವಿಧಿಯನ್ನು ಹಂಚುವಾಗ ಅದರ ಮೂಲ ಬರಹವನ್ನೂ ಕೊಡಬೇಕಾಗುತ್ತದೆ. ಪೈಸೈಡ್‌ನ ಷರತ್ತುಗಳು ಅದಕ್ಕಿಂತ ಸಡಿಲ. ಶಾಲೆಯ ಕೆಲಸಕ್ಕೆ ಮೂಲ ಬರಹವನ್ನು ಹಂಚುವುದು ತೊಂದರೆಯಲ್ಲ, ಅದು ಭೂಷಣವೇ ಸರಿ. ಆದರೂ ಷರತ್ತನ್ನು ಓದಿ ತಿಳಿದು ಒಪ್ಪುವುದು ಬೇರೆ, ಓದದೆ ಸಿಕ್ಕಿಬೀಳುವುದು ಬೇರೆ.

ಐದನೆಯದು, ಮುಂದೆ ಇದನ್ನು ದುರಸ್ತಿ ಮಾಡುವವರು ಯಾರು ಎಂಬ ಪ್ರಶ್ನೆ. ಇಂದು ಒಂಬತ್ತನೆಯ ತರಗತಿಯಲ್ಲಿ ಕ್ರಮವಿಧಿಯನ್ನು ಬರೆದ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ ಶಾಲೆಯನ್ನು ಬಿಟ್ಟುಹೋಗುತ್ತಾನೆ. ಪುಸ್ತಕಭಂಡಾರವು ಅಲ್ಲಿಯೇ ಇರುತ್ತದೆ. ಅವನ ಹಿಂದೆ ಬರುವವರು ಅದನ್ನು ಓದಿ, ತಿದ್ದಿ, ಬೆಳೆಸುವಂತಿರಬೇಕು. 1991ರಲ್ಲಿ ನೆದರ್ಲೆಂಡ್ಸ್‌ನ ಗೈಡೋ ವಾನ್ ರೋಸಮ್ ಎಂಬುವರು ಪ್ರಕಟಿಸಿದ ಪೈಥಾನ್ ಭಾಷೆಯು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಅದರ ಬರಹವು ಕಣ್ಣಿಗೆ ತಿಳಿಯಾಗಿದೆ. ಕಲಿತವರೂ ಕಲಿಸುವವರೂ ಹೇರಳವಾಗಿದ್ದಾರೆ. ಟಿಕೆಯನ್ನು ಬಳಸುವ ಸೌಕರ್ಯವು ಅದರೊಡನೆಯೇ ಬರುವುದರಿಂದ ಒಂದು ಕಿಟಕಿ, ಅದರಲ್ಲೊಂದು ಗುಂಡಿ ಇವನ್ನು ಐದೇ ಸಾಲುಗಳಲ್ಲಿ ಮೂಡಿಸಬಹುದು. ಆರಂಭದ ಕಲಿಕೆಗೆ ಇದಕ್ಕಿಂತ ಸುಗಮವಾದ ಮೆಟ್ಟಿಲು ಬೇರೆ ಬೇಕಿಲ್ಲ.

ಈ ಐದು ಪ್ರಶ್ನೆಗಳನ್ನು ಒಟ್ಟಿಗೆ ತೂಗಿ ನೋಡಿದಾಗ ನಮ್ಮ ಪುಸ್ತಕಭಂಡಾರದ ಉತ್ತರವು ತಾನಾಗಿ ಹೊಳೆಯುತ್ತದೆ. ಘಟನೆಗಳ ಮರ್ಮವನ್ನು ಕಲಿಯುವಾಗ ಪೈಥಾನ್ ಮತ್ತು ಟಿಕೆ ಸಾಕು. ಭಂಡಾರದಲ್ಲಿರುವುದು ಲಿನಕ್ಸ್ ಗಣಕವಾಗಿದ್ದು ಹೆಸರುಗಳೆಲ್ಲ ಕನ್ನಡದಲ್ಲಿರಬೇಕಾದರೆ, ಅದೇ ಪೈಥಾನ್ ಭಾಷೆಯನ್ನು ಉಳಿಸಿಕೊಂಡು ಟಿಕೆಯ ಸ್ಥಾನದಲ್ಲಿ ಕ್ಯೂಟಿ ಅಥವಾ ಜಿಟಿಕೆಯನ್ನು ಇರಿಸಿಕೊಳ್ಳುವುದು ಲೇಸು. ಹೊರೆ ತುಸು ಹೆಚ್ಚಿದರೂ ಅಕ್ಷರಗಳು ಅಂದವಾಗಿ ಮೂಡುತ್ತವೆ. ಗಣಕವು ಬಹಳ ಹಳೆಯದಾಗಿದ್ದು, ಒಂದೇ ಕಡತವನ್ನು ನಕಲು ಮಾಡಿಕೊಡುವ ಅನುಕೂಲವೇ ಮುಖ್ಯವಾದರೆ ಲಜಾರಸ್‌ನತ್ತ ನೋಡಬಹುದು. ಮೂರು ಸಂದರ್ಭಗಳಿಗೆ ಮೂರು ಉತ್ತರಗಳು ಬಂದವೆಂದು ಬೇಸರಪಡಬೇಕಾಗಿಲ್ಲ. ಬಡಗಿಯು ಹೇಳಿದುದೂ ಇದನ್ನೇ ಅಲ್ಲವೇ?

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಸತ್ಯವನ್ನು ಮರೆಯಬಾರದು. ಇಂದು ನಾವು ಆರಿಸಿದ ಉಪಕರಣವೂ ಒಂದು ದಿನ ಹಳೆಯದಾಗುತ್ತದೆ. ಹೈಪರ್‌ಕಾರ್ಡ್‌ಗೆ ಬಂದ ಕಾಲ ಯಾವುದಕ್ಕಾದರೂ ಬಂದೀತು. ಆದಕಾರಣ ಬಲ್ಲವರು ಕಿಟಕಿಯನ್ನೂ ಕಣಜವನ್ನೂ ಬೇರೆಬೇರೆಯಾಗಿ ಕಟ್ಟುತ್ತಾರೆ. ಪರದೆಯ ಮೇಲೆ ಕಾಣುವ ಗುಂಡಿ, ಪಟ್ಟಿಗಳ ಭಾಗ ಕಿಟಕಿ. ಪುಸ್ತಕಗಳ, ಎರವಲಿನ ದಾಖಲೆಗಳ ಭಾಗ ಕಣಜ. ದಾಖಲೆಗಳನ್ನು ಸಾಮಾನ್ಯ ಪಠ್ಯದ ಕಡತದಲ್ಲಿಯೋ, ಪೈಥಾನ್‌ನೊಡನೆಯೇ ಬಳಸಬಹುದಾದ ಎಸ್‌ಕ್ಯೂಲೈಟ್‌ನಂತಹ ಮುಕ್ತ ಭಂಡಾರದಲ್ಲಿಯೋ, ಯೂನಿಕೋಡ್ ಸಂಕೇತದಲ್ಲಿ ಇರಿಸಿದರೆ ಅವುಗಳನ್ನು ಮುಂದೆ ಬೇರಾವ ಉಪಕರಣದಿಂದಲಾದರೂ ಓದಬಹುದು. ಇದಕ್ಕೆ ನಮ್ಮ ಭಾಷೆಯಲ್ಲಿಯೇ ಉದಾಹರಣೆಯಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಅಕ್ಷರಗಳನ್ನು ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತದಲ್ಲಿ ಇರಿಸಿಕೊಳ್ಳುತ್ತಿತ್ತು. ಅಂತಹ ಬರಹವನ್ನು ಅದರ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕಗಳ ನೆರವಿಲ್ಲದೆ ಅದನ್ನು ಓದುವಂತಿಲ್ಲ. ಕಿಟಕಿಯು ಮುರಿದರೆ ಇನ್ನೊಂದನ್ನು ಕೂರಿಸಬಹುದು. ಕಣಜದ ಕಾಳು ಕೆಟ್ಟರೆ ಮುಂದಿನ ಬಿತ್ತನೆಗೆ ಬೀಜವೇ ಉಳಿಯದು.

ಉಪಕರಣದ ಆಯ್ಕೆಯಲ್ಲಿ ಎರಡು ಅತಿರೇಕಗಳುಂಟು. ಹೊಸದಾಗಿ ಬಂದುದನ್ನೆಲ್ಲ ಹಿಡಿಯಲು ಓಡುವುದು ಒಂದು. ಕಲಿತ ಒಂದನ್ನೇ ಎಲ್ಲ ಕೆಲಸಕ್ಕೂ ಹೂಡುವುದು ಇನ್ನೊಂದು. ಮೊದಲನೆಯವನು ಯಾವುದನ್ನೂ ಪೂರ್ತಿಯಾಗಿ ಕಲಿಯುವುದಿಲ್ಲ; ಎರಡನೆಯವನು ಕೆಲಸವನ್ನೇ ಉಪಕರಣಕ್ಕೆ ತಕ್ಕಂತೆ ಕತ್ತರಿಸುತ್ತಾನೆ. ಕೆಲಸ ಕೆಟ್ಟಾಗ ಉಪಕರಣವನ್ನು ದೂರುವವರೂ ಇದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಇಂದು ಕ್ರಮವಿಧಿಯ ಸಾಲುಗಳನ್ನು ತಾವೇ ಬರೆದುಕೊಡುವ ಕೃತಕ ಬುದ್ಧಿಯ ಸಾಧನಗಳೂ ಬಂದಿವೆ. ಅವು ಕೈಯ ಶ್ರಮವನ್ನು ಕಡಿಮೆ ಮಾಡಿಯಾವು. ಆದರೆ ಯಾರಿಗಾಗಿ, ಯಾವ ಗಣಕಕ್ಕಾಗಿ, ಯಾವ ಲಿಪಿಯಲ್ಲಿ, ಎಷ್ಟು ಕಾಲ ಬಾಳಲೆಂದು ಬರೆಯಬೇಕು ಎಂಬುದನ್ನು ನಿರ್ಧರಿಸುವ ಹೊಣೆಯು ಮನುಷ್ಯನ ಮೇಲೆಯೇ ಉಳಿಯುತ್ತದೆ.

ಉಪಕರಣವು ಮಾಡುವವನ ಕೈಯಲ್ಲಿರುತ್ತದೆ. ವಸ್ತುವು ಬಳಸುವವನ ಮನೆಯಲ್ಲಿರುತ್ತದೆ. ಈ ಅಂತರವನ್ನು ನೆನಪಿನಲ್ಲಿಟ್ಟುಕೊಂಡು, ಬಳಸುವವನ ಅನುಕೂಲವನ್ನೂ ಮುಂದೆ ಬರುವವನ ಶ್ರಮವನ್ನೂ ಎಣಿಸಿ ಆರಿಸಿದ ಉಪಕರಣವೇ ಉತ್ತಮವಾದ ಉಪಕರಣ. ನೀವೂ ಒಂದು ಚಿಕ್ಕ ಕಿಟಕಿಯಿಂದ, ಒಂದೇ ಗುಂಡಿಯಿಂದ ಆರಂಭಿಸಿ. ಆ ಗುಂಡಿಯ ಮೇಲಿನ ಅಕ್ಷರಗಳು ಕನ್ನಡದಲ್ಲಿರಲಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಕ್ರಮವಿಧಿ ಎಂದರೇನು?
2. ಆಲ್ಟೋ ಗಣಕವು ಎಲ್ಲಿ, ಯಾವಾಗ ಸಿದ್ಧವಾಯಿತು?
3. ಜಿಟಿಕೆಯು ಮೊದಲು ಯಾವ ಕ್ರಮವಿಧಿಗಾಗಿ ಹುಟ್ಟಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಕಿಟಕಿಯುಳ್ಳ ಕ್ರಮವಿಧಿಯನ್ನು ಲೇಖಕರು ವರ್ತಕನಿಗೆ ಹೋಲಿಸಿರುವುದೇಕೆ?
2. ಗ್ನೋಮ್ ಯೋಜನೆಯು ಆರಂಭವಾಗಲು ಕಾರಣವೇನು?
3. 'ಅರ್ಥ' ಎಂಬ ಪದವನ್ನು ಪರದೆಯ ಮೇಲೆ ಮೂಡಿಸುವುದರಲ್ಲಿರುವ ತೊಡಕು ಯಾವುದು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಉಪಕರಣವನ್ನು ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳನ್ನು ವಿವರಿಸಿ.
2. 'ಕಿಟಕಿಯನ್ನೂ ಕಣಜವನ್ನೂ ಬೇರೆಬೇರೆಯಾಗಿ ಕಟ್ಟಬೇಕು' ಎಂಬ ಮಾತನ್ನು ಉದಾಹರಣೆಯೊಡನೆ ಸಮರ್ಥಿಸಿ.

ಈ) ಮಾಡಿ ನೋಡಿ.
ನಿಮ್ಮ ಶಾಲೆಯಲ್ಲಿ ದಿನವೂ ನಡೆಯುವ ಒಂದು ಲೆಕ್ಕದ ಕೆಲಸವನ್ನು ಆರಿಸಿಕೊಂಡು, ಅದಕ್ಕೆ ಬೇಕಾದ ಕಿಟಕಿಯ ನಕ್ಷೆಯನ್ನು ಕಾಗದದ ಮೇಲೆ ಬರೆಯಿರಿ. ಪ್ರತಿಯೊಂದು ಗುಂಡಿಯನ್ನು ಒತ್ತಿದಾಗ ಏನಾಗಬೇಕೆಂಬುದನ್ನು ಪಕ್ಕದಲ್ಲಿ ಸೂಚಿಸಿ.